ಗಣಕಯಂತ್ರದ ಇಂದ್ರಿಯಗಳು

ಬುದ್ಧಿಯು ಎಷ್ಟೇ ತೀಕ್ಷ್ಣವಾಗಿರಲಿ, ಇಂದ್ರಿಯಗಳ ನೆರವಿಲ್ಲದೆ ಅದು ಲೋಕವನ್ನು ಅರಿಯಲಾರದು. ಅರಿತುದನ್ನು ಲೋಕಕ್ಕೆ ತಿಳಿಸಲೂ ಆರದು. ಕಣ್ಣು, ಕಿವಿ ಮೊದಲಾದ ಜ್ಞಾನೇಂದ್ರಿಯಗಳು ಹೊರಗಿನದನ್ನು ಒಳಕ್ಕೆ ತರುತ್ತವೆ. ವಾಕ್ಕು, ಪಾಣಿ ಮೊದಲಾದ ಕರ್ಮೇಂದ್ರಿಯಗಳು ಒಳಗಿನದನ್ನು ಹೊರಕ್ಕೆ ನೀಡುತ್ತವೆ. ಶಾಸ್ತ್ರಕಾರರು ಮನುಷ್ಯ ದೇಹವನ್ನು ಕುರಿತು ಮಾಡಿದ ಈ ವಿಂಗಡಣೆಯು ಇಂದಿನ ಗಣಕಯಂತ್ರಕ್ಕೂ ಚೆನ್ನಾಗಿ ಒಪ್ಪುತ್ತದೆ. ಲೆಕ್ಕ ಮಾಡುವ ಅಂಗ ಒಂದು, ನೆನಪಿಟ್ಟುಕೊಳ್ಳುವ ಅಂಗ ಒಂದು. ಇವೆರಡು ಕೂಡಿದರೆ ಗಣಕದ ಅಂತಃಕರಣವಾಯಿತು. ಇದರ ಸುತ್ತ ನಿಂತು ಕೆಲಸ ಮಾಡುವ ಕೀಲಿಮಣೆ, ಮೌಸ್, ಸ್ಕ್ಯಾನರ್, ಪರದೆ, ಪ್ರಿಂಟರ್, ಧ್ವನಿವರ್ಧಕ ಮೊದಲಾದವುಗಳಿಗೆಲ್ಲ ಪೆರಿಫೆರಲ್‌ಗಳೆಂದು ಹೆಸರು. ಕನ್ನಡದಲ್ಲಿ ಇವನ್ನು ಬಾಹ್ಯ ಸಾಧನಗಳೆನ್ನಬಹುದು. ಯಂತ್ರದ ಪೆಟ್ಟಿಗೆಯನ್ನು ತೆರೆದು ಒಳಗಿನ ಸೀಳುಗಂಡಿಯಲ್ಲಿ ಕೂಡಿಸುವ ಕಾರ್ಡುಗಳು ಇವುಗಳ ದಾಯಾದಿಗಳು.

ಶಾಲೆಗೆ ಗಣಕಯಂತ್ರಗಳನ್ನು ಕೊಡಬೇಕೆಂದು ದಾನಿಗಳು ಸಂಕಲ್ಪಿಸಿದಾಗ ಅವರ ಗಮನವೆಲ್ಲ ಸಾಮಾನ್ಯವಾಗಿ ಪೆಟ್ಟಿಗೆಯ ಮೇಲೆಯೇ ನಿಲ್ಲುತ್ತದೆ. ಪ್ರೊಸೆಸರ್ ಯಾವುದು, ಅದರ ವೇಗವೆಷ್ಟು ಎಂದು ವಿಚಾರಿಸುತ್ತಾರೆ. ಕೀಲಿಮಣೆಯಲ್ಲಿ ಕನ್ನಡ ಬರುವುದೆ, ಪ್ರಿಂಟರಿನ ಮಸಿಗೆ ವರ್ಷವರ್ಷ ಹಣವೆಲ್ಲಿಂದ, ಕಣ್ಣು ಕಾಣದ ಮಗುವೊಂದು ಬಂದರೆ ಅದು ಈ ಯಂತ್ರವನ್ನು ಹೇಗೆ ಬಳಸಬೇಕು ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. ಆದರೆ ಮಗುವಿಗೂ ಯಂತ್ರಕ್ಕೂ ಸಂಬಂಧ ಏರ್ಪಡುವುದು ಪೆಟ್ಟಿಗೆಯೊಳಗಲ್ಲ, ಈ ಬಾಹ್ಯ ಸಾಧನಗಳಲ್ಲಿಯೇ. ಅಷ್ಟೇ ಅಲ್ಲ, ಕನ್ನಡವು ಗಣಕಯಂತ್ರದೊಳಗೆ ಪ್ರವೇಶ ಪಡೆದುದೂ ಈ ಬಾಗಿಲುಗಳ ಮೂಲಕವೇ. ಆ ಪ್ರವೇಶದ ಕಥೆಯನ್ನು ತಿಳಿದರೆ ಸಾಧನಗಳ ಸ್ವರೂಪವೂ ತಿಳಿಯುತ್ತದೆ, ಅವುಗಳ ಬೆಲೆಯೂ ತಿಳಿಯುತ್ತದೆ.

ಅಕ್ಷರವನ್ನರಿಯದ ಕೀಲಿಮಣೆ

ಕೀಲಿಮಣೆಯಲ್ಲಿ ಸುಮಾರು ನೂರು ಗುಂಡಿಗಳಿವೆ. ಪ್ರತಿಯೊಂದು ಗುಂಡಿಯ ಕೆಳಗೂ ಒಂದು ಸ್ವಿಚ್ಚು. ನೂರು ಸ್ವಿಚ್ಚುಗಳಿಗೆ ನೂರು ಬೇರೆ ಬೇರೆ ತಂತಿಗಳಿರುತ್ತವೆಂದು ಭಾವಿಸಬಾರದು. ಕಸೂತಿಯ ಬಟ್ಟೆಯಲ್ಲಿ ಎಳೆಗಳು ಉದ್ದಕ್ಕೂ ಅಡ್ಡಕ್ಕೂ ಹಾಯುವಂತೆ ಇಲ್ಲಿಯೂ ಕೆಲವು ತಂತಿಗಳು ಉದ್ದಕ್ಕೆ, ಕೆಲವು ಅಡ್ಡಕ್ಕೆ ಹಾಯುತ್ತವೆ. ಅವು ಒಂದನ್ನೊಂದು ದಾಟುವ ಎಡೆಯಲ್ಲೆಲ್ಲ ಒಂದೊಂದು ಗುಂಡಿ. ಕೀಲಿಮಣೆಯೊಳಗೇ ಇರುವ ಒಂದು ಚಿಕ್ಕ ಗಣಕವು ಈ ಸಾಲುಗಳನ್ನು ಕ್ಷಣಕ್ಷಣಕ್ಕೂ ತಡವಿ ನೋಡುತ್ತಿರುತ್ತದೆ. ಇಂಥ ಉದ್ದಸಾಲೂ ಇಂಥ ಅಡ್ಡಸಾಲೂ ಕೂಡಿಕೊಂಡವೆಂದು ಕಂಡೊಡನೆ ಆ ಸ್ಥಾನದ ಸಂಖ್ಯೆಯನ್ನು ಗಣಕಯಂತ್ರಕ್ಕೆ ಕಳುಹಿಸುತ್ತದೆ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ಒಂದಿದೆ. ಕೀಲಿಮಣೆಯು ಕಳುಹಿಸುವುದು ಅಕ್ಷರವನ್ನಲ್ಲ, ಸ್ಥಾನದ ಸಂಖ್ಯೆಯನ್ನು ಮಾತ್ರ. ಗುಂಡಿಯ ಮೇಲೆ ಮುದ್ರಿಸಿರುವ ಇಂಗ್ಲಿಷ್ ಅಕ್ಷರವು ನೋಡುವವರ ಕಣ್ಣಿಗಾಗಿ ಇದೆಯೇ ಹೊರತು ಯಂತ್ರಕ್ಕೆ ಅದರ ಪರಿವೆಯೇ ಇಲ್ಲ. ಬಂದ ಸಂಖ್ಯೆಯನ್ನು ಯಾವ ಅಕ್ಷರವೆಂದು ತಿಳಿಯಬೇಕು ಎಂಬುದನ್ನು ನಿರ್ಣಯಿಸುವುದು ತಂತ್ರಾಂಶ. ಆದುದರಿಂದ ಒಂದೇ ಕೀಲಿಮಣೆಯಿಂದ ಇಂಗ್ಲಿಷನ್ನೂ ಬರೆಯಬಹುದು, ಕನ್ನಡವನ್ನೂ ಬರೆಯಬಹುದು. ಕನ್ನಡ ಬರೆಯಲು ಬೇರೆಯೇ ಒಂದು ಯಂತ್ರ ಬೇಕು, ಅದಕ್ಕೆ ಹೆಚ್ಚಿನ ವೆಚ್ಚವಾಗುತ್ತದೆ ಎಂಬ ಭ್ರಮೆ ಎಷ್ಟೋ ಕಡೆ ಇನ್ನೂ ಉಳಿದಿದೆ. ಅದು ನಿರಾಧಾರವಾದುದು.

ಬೆರಳಚ್ಚು ಯಂತ್ರದ ಕಾಲದಲ್ಲಿ ಸ್ಥಿತಿ ಹೀಗಿರಲಿಲ್ಲ. ಅಮೆರಿಕದ ಕ್ರಿಸ್ಟೋಫರ್ ಷೋಲ್ಸ್ ಮತ್ತು ಅವರ ಸಂಗಡಿಗರು 1868ರಲ್ಲಿ ಪೇಟೆಂಟು ಪಡೆದ ಯಂತ್ರವು ಸುಧಾರಣೆಗೊಂಡು 1874ರಲ್ಲಿ ರೆಮಿಂಗ್ಟನ್ ಸಂಸ್ಥೆಯ ಮೂಲಕ ಮಾರುಕಟ್ಟೆಗೆ ಬಂದಿತು. ಅದರಲ್ಲಿ ಗುಂಡಿಗೂ ಅಚ್ಚಿಗೂ ಒಂದೇ ಸರಳು. ಗುಂಡಿ ಒತ್ತಿದರೆ ಆ ಅಚ್ಚು ಕಾಗದದ ಮೇಲೆ ಬೀಳಲೇಬೇಕು, ಬೇರೊಂದು ಬೀಳುವಂತಿಲ್ಲ. ಇಪ್ಪತ್ತಾರು ಅಕ್ಷರಗಳ ಇಂಗ್ಲಿಷಿಗೆ ಇದು ಸಾಕು. ಕನ್ನಡದ ಲೆಕ್ಕವೇ ಬೇರೆ. ಮೂವತ್ತನಾಲ್ಕು ವ್ಯಂಜನಗಳಿಗೆ ಹದಿಮೂರು ಸ್ವರಗಳ ಕಾಗುಣಿತ ಹಚ್ಚಿದರೆ 442 ರೂಪಗಳಾದುವು. ಒಂದೊಂದು ವ್ಯಂಜನಕ್ಕೂ ಒಂದೊಂದು ಒತ್ತನ್ನು ಸೇರಿಸಿ, ಅವಕ್ಕೆ ಮತ್ತೆ ಕಾಗುಣಿತ ಮಾಡಿದರೆ ಲೆಕ್ಕದ ಮಟ್ಟಿಗೆ 15,028 ರೂಪಗಳಾಗುತ್ತವೆ. ಇವೆಲ್ಲ ಭಾಷೆಯಲ್ಲಿ ಬಳಕೆಯಾಗುವುದಿಲ್ಲವೆಂಬುದು ನಿಜ. ಬಳಕೆಯಾಗುವ ರೂಪಗಳೇ ಯಾವ ಬೆರಳಚ್ಚು ಯಂತ್ರಕ್ಕೂ ಮೀರಿದವು. ಆದುದರಿಂದ ಕನ್ನಡ ಬೆರಳಚ್ಚು ಯಂತ್ರವು ಅಕ್ಷರವನ್ನು ತುಂಡುತುಂಡಾಗಿ ಕೂಡಿಸಬೇಕಾಯಿತು. ಮೈ ಒಂದು ಗುಂಡಿಯಲ್ಲಿ, ಇಳಿ ಮತ್ತೊಂದರಲ್ಲಿ, ದೀರ್ಘ ಇನ್ನೊಂದರಲ್ಲಿ. ಬೆರಳಚ್ಚುಗಾರನು ಬರೆಯುತ್ತಿದ್ದುದು ಕಣ್ಣಿಗೆ ಕಾಣುವ ಆಕಾರದ ಕ್ರಮವನ್ನೇ ಹೊರತು ನಾಲಗೆ ನುಡಿಯುವ ಕ್ರಮವನ್ನಲ್ಲ.

ಉಚ್ಚಾರಣೆಯ ಕ್ರಮಕ್ಕೆ ಮರಳಿದ ಬರವಣಿಗೆ

'ಧರ್ಮ' ಎಂಬ ಪದವನ್ನೇ ತೆಗೆದುಕೊಳ್ಳಬಹುದು. ನುಡಿಯುವಾಗ ರೇಫವು ಮಕಾರಕ್ಕಿಂತ ಮೊದಲು ಬರುತ್ತದೆ. ಬರೆಯುವಾಗ ಮಕಾರವನ್ನು ಬರೆದು ಅದರ ಮುಂದೆ ಅರ್ಕಾವತ್ತನ್ನು ಇಡುತ್ತಾರೆ. ಬೆರಳಚ್ಚು ಯಂತ್ರದಲ್ಲಿಯೂ ಹಾಗೆಯೇ ಒತ್ತಬೇಕಾಗಿತ್ತು. ಗಣಕಯಂತ್ರದಲ್ಲಿ ಈ ವಿಪರ್ಯಯವಿಲ್ಲ. ಧಕಾರ, ರಕಾರ, ವಿರಾಮಚಿಹ್ನೆ, ಮಕಾರ ಎಂದು ಉಚ್ಚಾರಣೆಯ ಕ್ರಮದಲ್ಲಿಯೇ ಒತ್ತಬೇಕು. ನೆನಪಿನಲ್ಲಿಯೂ ಅದೇ ಕ್ರಮದಲ್ಲಿ ಉಳಿಯುತ್ತದೆ. ಅರ್ಕಾವತ್ತನ್ನು ಮಕಾರದ ಮುಂದಕ್ಕೆ ಒಯ್ದು ತೋರಿಸುವ ಕೆಲಸ ಅಕ್ಷರರೂಪಗಳನ್ನು ಬಿಡಿಸುವ ತಂತ್ರಾಂಶದ್ದು. 'ಸ್ತ್ರೀ' ಎಂಬುದು ಕಣ್ಣಿಗೆ ಒಂದೇ ಅಕ್ಷರ. ಯಂತ್ರದ ನೆನಪಿನಲ್ಲಿ ಅದು ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರದ ಚಿಹ್ನೆ ಎಂದು ಆರು ಘಟಕಗಳು. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವನ್ನು ಓದಿದವರಿಗೆ ಈ ವಿಧಾನ ಹೊಸದೆನಿಸದು. ವರ್ಣಗಳನ್ನು ಬಿಡಿಸಿ, ಸ್ವರ ವ್ಯಂಜನಗಳೆಂದು ವಿಂಗಡಿಸಿ, ಸಂಯೋಗವನ್ನು ನಿಯಮದಿಂದ ವಿವರಿಸುವುದು ವ್ಯಾಕರಣದ ಹಳೆಯ ಮಾರ್ಗವೇ ಆಗಿದೆ. ಬೆರಳಚ್ಚು ಯಂತ್ರವು ಆಕಾರದ ಕಡೆಗೆ ಒಯ್ದಿದ್ದ ಬರವಣಿಗೆಯನ್ನು ಗಣಕಯಂತ್ರವು ಮರಳಿ ಧ್ವನಿಯ ಕಡೆಗೆ ತಂದಿತು.

ಈ ತತ್ತ್ವವನ್ನು ಅನುಸರಿಸಿದ ಎರಡು ಕೀಲಿಮಣೆ ವಿನ್ಯಾಸಗಳು ಕನ್ನಡದಲ್ಲಿ ಪ್ರಸಿದ್ಧವಾಗಿವೆ. ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು 1986ರಲ್ಲಿ ಗೊತ್ತುಮಾಡಿದ ಇನ್‌ಸ್ಕ್ರಿಪ್ಟ್ ಎಂಬುದು ಮೊದಲನೆಯದು. ಅದರಲ್ಲಿ ಎಡಗೈಗೆ ಸ್ವರಗಳು, ಬಲಗೈಗೆ ಬಹುಪಾಲು ವ್ಯಂಜನಗಳು. ಅಲ್ಪಪ್ರಾಣದ ಗುಂಡಿಯನ್ನೇ ಷಿಫ್ಟ್ ಗುಂಡಿಯೊಡನೆ ಒತ್ತಿದರೆ ಮಹಾಪ್ರಾಣ. ಭಾರತದ ಲಿಪಿಗಳಿಗೆ ಒಂದೇ ವಿನ್ಯಾಸವಾದುದರಿಂದ ಕನ್ನಡದಲ್ಲಿ ಕಲಿತವನು ತೆಲುಗನ್ನೂ ದೇವನಾಗರಿಯನ್ನೂ ಸುಲಭವಾಗಿ ಬೆರಳಚ್ಚಿಸಬಲ್ಲನು.

ಎರಡನೆಯದು ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯನುಸಾರಿ ವಿನ್ಯಾಸ. ಇಂಗ್ಲಿಷಿನ 'ಕೆ' ಗುಂಡಿಗೆ ಕಕಾರ, ಷಿಫ್ಟಿನೊಡನೆ ಖಕಾರ. 'ಜಿ' ಗುಂಡಿಗೆ ಗಕಾರ, ಷಿಫ್ಟಿನೊಡನೆ ಘಕಾರ. ಒತ್ತಕ್ಷರಕ್ಕಾಗಿ 'ಎಫ್' ಗುಂಡಿ. ಛಂದಸ್ಸಿನ ಮಹಾವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಸ್ಮರಣೆಯಲ್ಲಿ ರಾವ್ ಅವರು ತಮ್ಮ ತಂತ್ರಾಂಶಕ್ಕೆ 'ಸೇಡಿಯಾಪು' ಎಂದೇ ಹೆಸರಿಟ್ಟರು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ಈ ವಿನ್ಯಾಸವು ನಾಡಿನ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಹರಡಿತು. ಇಪ್ಪತ್ತಾರು ಗುಂಡಿಗಳಲ್ಲಿಯೇ ವರ್ಣಮಾಲೆಯೆಲ್ಲ ಅಡಕವಾಗುವುದು ಇದರ ವಿಶೇಷ. ಇವೆರಡರಲ್ಲಿ ಯಾವುದು ಶ್ರೇಷ್ಠವೆಂಬ ಚರ್ಚೆಗಿಂತ ಒಂದನ್ನಾದರೂ ಮಕ್ಕಳಿಗೆ ಕ್ರಮವಾಗಿ ಕಲಿಸುವುದು ಮೇಲು. ಕಲಿಸದೆ ಬಿಟ್ಟರೆ ಏನಾಗುವುದೆಂಬುದು ಕಣ್ಣೆದುರಿಗೇ ಇದೆ: ಕನ್ನಡದ ಮಕ್ಕಳು ತಾಯಿಗೆ ಬರೆಯುವ ಎರಡು ಸಾಲನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುತ್ತಾರೆ. ಹಾಗೆ ಬರೆದಾಗ ಳಕಾರ ಲಕಾರಗಳ ಭೇದ ಅಳಿಯುತ್ತದೆ. ಹ್ರಸ್ವ ದೀರ್ಘಗಳ ಭೇದವೂ ಅಳಿಯುತ್ತದೆ.

ಸೀಳುಗಂಡಿಯಲ್ಲಿ ಕುಳಿತ ಕಾರ್ಡು

ಕೀಲಿಮಣೆಯ ಬಾಗಿಲು ತೆರೆದರೂ ಪರದೆಯ ಬಾಗಿಲು ಬಹುಕಾಲ ಮುಚ್ಚಿಯೇ ಇದ್ದಿತು. ಐ.ಬಿ.ಎಂ. ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು 1981ರ ಆಗಸ್ಟ್ 12ರಂದು ಪ್ರಕಟಿಸಿತು. ಅದರ ಪರದೆಯ ಮೇಲೆ ಬರಹ ಕಾಣುತ್ತಿದ್ದುದು ಇಪ್ಪತ್ತೈದು ಸಾಲು, ಸಾಲಿಗೆ ಎಂಬತ್ತು ಮನೆಗಳ ಚೌಕುಳಿಯಲ್ಲಿ. ಬಣ್ಣದ ಪರದೆಯ ಕಾರ್ಡಿನಲ್ಲಿ ಒಂದೊಂದು ಮನೆಗೂ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರ ಮಾತ್ರ. ತೋರಿಸಬಲ್ಲ ಆಕಾರಗಳು 256. ಅವೂ ಕಾರ್ಖಾನೆಯಲ್ಲಿಯೇ ಚಿಪ್ಪಿನಲ್ಲಿ ಕೆತ್ತಲ್ಪಟ್ಟಿದ್ದುವು. ಎಲ್ಲ ಮನೆಗಳೂ ಸಮಾನ ಅಗಲದವು. 'ರ' ಮತ್ತು 'ಕ್ಷ್ಮೌ' ಒಂದೇ ಅಗಲದ ಮನೆಯಲ್ಲಿ ವಾಸಿಸಲು ಸಾಧ್ಯವೆ? ಒತ್ತಕ್ಷರವು ಕೆಳಗಿಳಿದರೆ ಅದಕ್ಕೆ ಸ್ಥಳವೆಲ್ಲಿ?

ಈ ತೊಡಕಿಗೆ ಪರಿಹಾರವಾಗಿ ಬಂದುದೇ ಜಿಸ್ಟ್ ಕಾರ್ಡು. ಭಾರತೀಯ ಲಿಪಿಗಳನ್ನು ಗಣಕದಲ್ಲಿ ಅಳವಡಿಸುವ ಸಂಶೋಧನೆ ಕಾನ್ಪುರದ ಐ.ಐ.ಟಿ.ಯಲ್ಲಿ ನಡೆದಿತ್ತು. 1988ರಲ್ಲಿ ಸ್ಥಾಪಿತವಾದ ಪುಣೆಯ ಸಿ-ಡ್ಯಾಕ್ ಸಂಸ್ಥೆಯು ಆ ಕಾರ್ಯವನ್ನು ಮುಂದುವರಿಸಿತು. ಐ.ಬಿ.ಎಂ. ಯಂತ್ರದ ಶಿಲ್ಪಿಗಳು ಪೆಟ್ಟಿಗೆಯೊಳಗೆ ಐದು ಸೀಳುಗಂಡಿಗಳನ್ನು ಬಿಟ್ಟಿದ್ದರು. ಮುಂದೆ ಯಾರಿಗೆ ಯಾವುದು ಬೇಕಾದೀತೋ ಅದನ್ನು ಅವರವರು ಕೂಡಿಸಿಕೊಳ್ಳಲಿ ಎಂಬುದು ಅವರ ದೂರದೃಷ್ಟಿ. ಜಿಸ್ಟ್ ಕಾರ್ಡನ್ನು ಅಂಥ ಒಂದು ಸೀಳುಗಂಡಿಯಲ್ಲಿ ಕೂಡಿಸಿದರೆ ಇಂಗ್ಲಿಷಿಗಾಗಿ ಮಾಡಿದ ಯಂತ್ರವೇ ಪರದೆಯ ಮೇಲೆ ಕನ್ನಡವನ್ನೂ ತೋರಿಸುತ್ತಿತ್ತು. ಅಕ್ಷರಗಳ ಆಕಾರಗಳೂ ಅವುಗಳನ್ನು ಕೂಡಿಸುವ ನಿಯಮಗಳೂ ಆ ಕಾರ್ಡಿನಲ್ಲಿಯೇ ಇದ್ದುವು. ಇದಕ್ಕೆ ಹೊಂದುವ ಸಂಕೇತಗಳ ಪಟ್ಟಿಯೇ ಇಸ್ಕಿ. ಭಾರತೀಯ ಮಾನಕ ಸಂಸ್ಥೆಯು ಇದನ್ನು 1991ರಲ್ಲಿ ರಾಷ್ಟ್ರದ ಮಾನಕವಾಗಿ ಸ್ವೀಕರಿಸಿತು. 256 ಸ್ಥಾನಗಳಲ್ಲಿ ಮೊದಲರ್ಧ ಇಂಗ್ಲಿಷಿಗೆ, ಉಳಿದರ್ಧ ಭಾರತೀಯ ಲಿಪಿಗೆ ಎಂಬುದು ಅದರ ವ್ಯವಸ್ಥೆ.

ಅದೇ 1991ರಲ್ಲಿ ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯ ಮೊದಲ ಆವೃತ್ತಿಯೂ ಹೊರಬಂದಿತು. ಅದರಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳು ಮೀಸಲಾದುವು. ಆದರೆ ಅದು ಜನಸಾಮಾನ್ಯರ ಯಂತ್ರಗಳನ್ನು ಮುಟ್ಟಲು ಇನ್ನೂ ಹತ್ತು ವರ್ಷಗಳು ಹಿಡಿದುವು. ಈ ನಡುವೆ ಒಂದೊಂದು ತಂತ್ರಾಂಶವೂ ತನ್ನದೇ ಆದ ಗುಪ್ತ ಸಂಕೇತದಲ್ಲಿ ಕನ್ನಡವನ್ನು ಬರೆಯಿತು. ಒಂದರಲ್ಲಿ ಬರೆದುದನ್ನು ಮತ್ತೊಂದರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಅಕ್ಷರರೂಪದೊಡನೆ ಕನ್ನಡವನ್ನು ತನ್ನೊಳಗೇ ಸೇರಿಸಿಕೊಂಡಿತು. ಕಾರ್ಡು ಮಾಡುತ್ತಿದ್ದ ಕೆಲಸವನ್ನು ತಂತ್ರಾಂಶವೇ ಮಾಡತೊಡಗಿದ ಮೇಲೆ ಕಾರ್ಡಿಗೆ ಕೆಲಸವಿಲ್ಲದಾಯಿತು. ಹಾಗೆಂದು ಅದರ ಉಪಕಾರವನ್ನು ಮರೆಯುವುದು ತರವಲ್ಲ. ಹೊಳೆಗೆ ಸೇತುವೆ ಕಟ್ಟುವವರೆಗೆ ಜನರನ್ನು ದಾಟಿಸಿದುದು ಹರಿಗೋಲೇ ಅಲ್ಲವೆ?

ಕಾಗದದ ಮೇಲೆ ಮೂಡುವ ಚುಕ್ಕೆಗಳು

ಕರ್ಮೇಂದ್ರಿಯಗಳಲ್ಲಿ ಪ್ರಿಂಟರಿಗೆ ಅಗ್ರಸ್ಥಾನ. 1980ರ ದಶಕದಲ್ಲಿ ವ್ಯಾಪಕವಾಗಿದ್ದುದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಅದರ ತಲೆಯಲ್ಲಿ ಒಂದರ ಕೆಳಗೊಂದರಂತೆ ಒಂಬತ್ತು ಸೂಜಿಗಳು. ವಿದ್ಯುದಯಸ್ಕಾಂತವು ಸೂಜಿಯನ್ನು ತಳ್ಳಿದರೆ ಅದು ಮಸಿಯ ಪಟ್ಟಿಯನ್ನು ಒತ್ತಿ ಕಾಗದದ ಮೇಲೆ ಚುಕ್ಕೆಯಿಡುತ್ತದೆ. ತಲೆಯು ಎಡದಿಂದ ಬಲಕ್ಕೆ ಒಮ್ಮೆ ಓಡಿದರೆ ಇಂಗ್ಲಿಷಿನ ಒಂದು ಸಾಲು ಸಿದ್ಧ. ಮೇಲೆ ತಲೆಕಟ್ಟು ಗುಡಿಸುಗಳು, ಕೆಳಗೆ ಒತ್ತುಗಳು ಇರುವ ಕನ್ನಡಕ್ಕೆ ಒಂಬತ್ತು ಚುಕ್ಕೆಗಳ ಎತ್ತರ ಸಾಲದು. ಒಂದು ಸಾಲು ಕನ್ನಡ ಬರೆಯಲು ತಲೆಯು ಹಲವು ಸಲ ಓಡಬೇಕಾಗಿತ್ತು. ಹೊತ್ತೂ ಹೆಚ್ಚು, ಸದ್ದೂ ಹೆಚ್ಚು. ಇಪ್ಪತ್ತನಾಲ್ಕು ಸೂಜಿಗಳ ಪ್ರಿಂಟರು ಬಂದಾಗ ಅಕ್ಷರಗಳು ಸ್ವಲ್ಪ ದುಂಡಾದುವು. ಕಾರ್ಬನ್ ಹಾಳೆಯ ಮೂಲಕ ಎರಡು ಮೂರು ಪ್ರತಿಗಳನ್ನು ಒಮ್ಮೆಗೇ ತೆಗೆಯುವ ಸಾಮರ್ಥ್ಯ ಸೂಜಿಯ ಹೊಡೆತಕ್ಕೆ ಮಾತ್ರ ಇರುವುದರಿಂದ ರಸೀದಿಗಳ ಮುದ್ರಣದಲ್ಲಿ ಈ ಪ್ರಿಂಟರುಗಳು ಇಂದಿಗೂ ಉಳಿದುಕೊಂಡಿವೆ.

ಕನ್ನಡಕ್ಕೆ ನಿಜವಾದ ಸೌಂದರ್ಯವನ್ನು ಕೊಟ್ಟುದು ಲೇಸರ್ ಪ್ರಿಂಟರು. ಜೆರಾಕ್ಸ್ ಸಂಸ್ಥೆಯ ಗ್ಯಾರಿ ಸ್ಟಾರ್ಕ್‌ವೆದರ್ ಎಂಬ ವಿಜ್ಞಾನಿ 1971ರಲ್ಲಿ ಇದನ್ನು ಕಾರ್ಯಗತಗೊಳಿಸಿದರು. ವಿದ್ಯುದಾವೇಶ ಪಡೆದ ಉರುಳೆಯ ಮೇಲೆ ಲೇಸರ್ ಕಿರಣವು ಅಕ್ಷರದ ರೂಪವನ್ನು ಎಳೆಯುತ್ತದೆ. ಕಿರಣದಿಂದ ಏರ್ಪಟ್ಟ ಆವೇಶದ ಭೇದಕ್ಕನುಸಾರವಾಗಿ ಉರುಳೆಯು ಟೋನರ್ ಎಂಬ ಒಣ ಮಸಿಪುಡಿಯನ್ನು ಹಿಡಿಯುತ್ತದೆ. ಕಾಗದಕ್ಕೆ ವರ್ಗವಾದ ಪುಡಿಯು ಬಿಸಿ ರೋಲರಿನ ನಡುವೆ ಕರಗಿ ಅಂಟಿಕೊಳ್ಳುತ್ತದೆ. 1984ರಲ್ಲಿ ಬಂದ ಎಚ್.ಪಿ. ಲೇಸರ್‌ಜೆಟ್ ಅಂಗುಲಕ್ಕೆ 300 ಚುಕ್ಕೆಗಳನ್ನಿಡುತ್ತಿತ್ತು. ಎಂದರೆ ಒಂದು ಚದರಂಗುಲದಲ್ಲಿ 90,000 ಚುಕ್ಕೆಗಳು. ಚುಕ್ಕೆಗಳು ಇಷ್ಟು ಸೂಕ್ಷ್ಮವಾದ ಮೇಲೆ ಧಕಾರದ ಹೊಟ್ಟೆಯ ಸೀಳು, ಷಕಾರದ ಒಳಗೆರೆ ಎಲ್ಲವೂ ಸ್ಪಷ್ಟವಾಗಿ ಮೂಡಿದುವು.

ಶಾಲೆಗಳು ಪ್ರಿಂಟರನ್ನು ಕೊಳ್ಳುವಾಗ ಬೆಲೆಯೊಂದನ್ನೇ ನೋಡುವುದುಂಟು. ಇಂಕ್‌ಜೆಟ್ ಪ್ರಿಂಟರಿನಲ್ಲಿ ಮಸಿಯು ದ್ರವರೂಪದ್ದು. ಕೂದಲಿಗಿಂತ ಸಣ್ಣ ರಂಧ್ರಗಳಿಂದ ಅದು ಚಿಮ್ಮಬೇಕು. ಏಪ್ರಿಲ್ ಮೇ ತಿಂಗಳುಗಳ ಬೇಸಗೆಯ ರಜೆಯಲ್ಲಿ ಯಂತ್ರವನ್ನು ಮುಚ್ಚಿಟ್ಟರೆ ಮಸಿಯು ಒಣಗಿ ರಂಧ್ರಗಳು ಕಟ್ಟಿಕೊಳ್ಳಬಹುದು. ಲೇಸರಿನ ಪುಡಿಗೆ ಆ ಭಯವಿಲ್ಲ. ಕೊಳ್ಳುವಾಗ ಹೆಚ್ಚಿಗೆ ತೆತ್ತರೂ ಕಪ್ಪು ಬಿಳುಪಿನ ಪ್ರಶ್ನಪತ್ರಿಕೆಗಳನ್ನು ಮುದ್ರಿಸುವ ಶಾಲೆಗೆ ಅದೇ ಮಿತವ್ಯಯದ್ದು.

ಓಲೆಗರಿಯನ್ನು ಕಾಣುವ ಕಣ್ಣು

ಸ್ಕ್ಯಾನರು ಗಣಕದ ಕಣ್ಣು. ಗಾಜಿನ ಮೇಲೆ ಪುಟವನ್ನು ಬೋರಲು ಮಲಗಿಸಿದರೆ ಕೆಳಗಿನಿಂದ ಒಂದು ಬೆಳಕಿನ ಕೋಲು ಮೆಲ್ಲಗೆ ಸರಿಯುತ್ತದೆ. ಬಿಳಿಯ ಭಾಗವು ಬೆಳಕನ್ನು ಹೆಚ್ಚಾಗಿಯೂ ಮಸಿಯ ಭಾಗವು ಕಡಮೆಯಾಗಿಯೂ ಹಿಂದಿರುಗಿಸುತ್ತದೆ. ಆ ಭೇದವನ್ನು ಗ್ರಹಿಸುವ ಸೂಕ್ಷ್ಮಕಣಗಳ ಸಾಲು ಪುಟವನ್ನು ಸಂಖ್ಯೆಗಳನ್ನಾಗಿ ಪರಿವರ್ತಿಸುತ್ತದೆ. ಇಲ್ಲಿ ದೊರೆಯುವುದು ಪುಟದ ಚಿತ್ರ ಮಾತ್ರ. ಚಿತ್ರದಲ್ಲಿರುವುದು ಯಾವ ಅಕ್ಷರವೆಂದು ಗುರುತಿಸುವುದು ಓ.ಸಿ.ಆರ್. ಎಂಬ ತಂತ್ರಾಂಶದ ಕಾರ್ಯ. ಕನ್ನಡದಲ್ಲಿ ಪಕಾರ ಷಕಾರಗಳಿಗೆ ಒಂದು ಗೆರೆಯ ಅಂತರ. ದಕಾರ ಧಕಾರಗಳಿಗೆ ಒಂದು ಸೀಳಿನ ಅಂತರ. ಹಳೆಯ ಮೊಳೆಗಳಲ್ಲಿ ಅಚ್ಚಾದ ಪುಸ್ತಕದಲ್ಲಿ ಆ ಗೆರೆ ಸವೆದಿದ್ದರೆ ಯಂತ್ರವು ತಪ್ಪುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡ ಓ.ಸಿ.ಆರ್. ಕುರಿತು ಗಣನೀಯವಾದ ಸಂಶೋಧನೆ ನಡೆದಿದೆ. ಆದರೂ ಕೊನೆಯ ತಿದ್ದುಪಡಿಗೆ ಭಾಷೆ ಬಲ್ಲ ಮನುಷ್ಯನ ಕಣ್ಣು ಬೇಕೇಬೇಕು. ಕರಡು ತಿದ್ದುವ ವಿದ್ಯೆಯನ್ನು ಯಂತ್ರವು ಅನವಶ್ಯಕಗೊಳಿಸಿಲ್ಲ. ಅದಕ್ಕೆ ಕೆಲಸವನ್ನು ಹೆಚ್ಚಿಸಿದೆ.

ಮಠಗಳಿಗೆ ಈ ಸಾಧನವು ವಿಶೇಷವಾಗಿ ಸಂಬಂಧಿಸಿದುದು. ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿ ಅಡಗಿದ್ದ ಓಲೆಗರಿಗಳನ್ನು ಅರಸಿ ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸದಿದ್ದರೆ ಶರಣರ ಎಷ್ಟು ಮಾತುಗಳು ಗೆದ್ದಲಿನ ಪಾಲಾಗುತ್ತಿದ್ದುವೋ ಊಹಿಸುವುದು ಕಷ್ಟ. ಇನ್ನೂ ಹಲವೆಡೆ ಬಟ್ಟೆಯ ಗಂಟುಗಳಲ್ಲಿ ಓಲೆಕಟ್ಟುಗಳಿವೆ. ಅವುಗಳ ಚಿತ್ರ ತೆಗೆಯುವಾಗ ಎಚ್ಚರಿಕೆ ಅಗತ್ಯ. ಕಂಠದಿಂದ ಕೊರೆದು ಮಸಿ ತೊಡೆದ ಗರಿಯು ವಯಸ್ಸಾದಂತೆ ಒಣಗಿ ಹೆಡಸಾಗುತ್ತದೆ. ಗಾಜಿನ ಮೇಲಿಟ್ಟು ಮುಚ್ಚಳದಿಂದ ಅದುಮಿದರೆ ಮುರಿಯುತ್ತದೆ. ಇಂಥವಕ್ಕೆ ಮೇಲಿನಿಂದ ನೋಡುವ, ಮುಟ್ಟದೆಯೇ ಚಿತ್ರ ತೆಗೆಯುವ ಕ್ಯಾಮೆರಾ ಬಳಸುವುದೇ ಕ್ಷೇಮ. ಬೆಳಕು ಒಂದು ಪಕ್ಕದಿಂದ ಓರೆಯಾಗಿ ಬಿದ್ದರೆ, ಮಸಿ ಅಳಿಸಿಹೋದ ಎಡೆಯಲ್ಲಿಯೂ ಕೊರೆದ ಗೆರೆಯ ನೆರಳು ಕಾಣಿಸುತ್ತದೆ.

ಚಿತ್ರಗಳನ್ನು ತೆಗೆದರೆ ಸಾಲದು, ಕಾಪಾಡಬೇಕು. ಐ.ಬಿ.ಎಂ. ಸಂಸ್ಥೆಯು 1956ರಲ್ಲಿ ಹೊರತಂದ ಮೊದಲ ಡಿಸ್ಕ್ ಸಂಗ್ರಹದಲ್ಲಿ ಎರಡೆರಡು ಅಡಿ ವ್ಯಾಸದ ಐವತ್ತು ತಟ್ಟೆಗಳಿದ್ದುವು. ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳನ್ನು. ವಚನಗಳು ಸುಮಾರು ಇಪ್ಪತ್ತು ಸಾವಿರವೆಂದೂ ಒಂದೊಂದರಲ್ಲಿ ಸರಾಸರಿ ನಾನೂರು ಸಂಕೇತಗಳೆಂದೂ ಎಣಿಸಿಕೊಂಡರೆ, ಯೂನಿಕೋಡಿನ ಬಳಕೆಯ ರೂಪದಲ್ಲಿ ಒಂದು ಕನ್ನಡ ಸಂಕೇತಕ್ಕೆ ಮೂರು ಬೈಟುಗಳಂತೆ, ಒಟ್ಟು ಎರಡು ಕೋಟಿ ನಲವತ್ತು ಲಕ್ಷ ಬೈಟುಗಳಾಗುತ್ತವೆ. ಅಂದಿನ ಐದು ದೈತ್ಯಯಂತ್ರಗಳಿಗೆ ಆಗುವಷ್ಟು ಹೊರೆ ಅದು. ಇಂದು ಉಗುರಿನಷ್ಟು ದೊಡ್ಡ ಚಿಪ್ಪಿನ ಒಂದು ಮೂಲೆ ಅದಕ್ಕೆ ಸಾಕು. ಆದರೆ ಚಿಕ್ಕದಾದುದು ಕಳೆದುಹೋಗುವುದೂ ಸುಲಭ. ಪೆನ್ ಡ್ರೈವ್ ಸಾಗಣೆಗೆ ಒಳ್ಳೆಯದು, ಶಾಶ್ವತ ಭಂಡಾರವಾಗಲು ತಕ್ಕುದಲ್ಲ. ಮುಖ್ಯವಾದುದರ ಮೂರು ಪ್ರತಿಗಳು ಇರಬೇಕು. ಅವುಗಳಲ್ಲಿ ಒಂದು ಬೇರೆ ಊರಿನಲ್ಲಿರಬೇಕು.

ಈ ಸಾಧನಗಳನ್ನೆಲ್ಲ ಯಂತ್ರಕ್ಕೆ ಜೋಡಿಸುವುದೇ ಒಂದು ಕಾಲದಲ್ಲಿ ತಲೆನೋವಾಗಿತ್ತು. ಪ್ರಿಂಟರಿಗೆ ಇಪ್ಪತ್ತೈದು ಮುಳ್ಳುಗಳ ಕೊಂಡಿ, ಮೌಸಿಗೆ ಒಂಬತ್ತು ಮುಳ್ಳುಗಳದು, ಕೀಲಿಮಣೆಗೆ ದುಂಡನೆಯದು. 1996ರ ಜನವರಿಯಲ್ಲಿ ಪ್ರಕಟವಾದ ಯು.ಎಸ್.ಬಿ. ಈ ಭೇದಗಳನ್ನು ತೊಡೆಯಿತು. ಒಂದೇ ಬಗೆಯ ಕೊಂಡಿ. ಒಂದು ನಿಯಂತ್ರಕಕ್ಕೆ 127 ಸಾಧನಗಳವರೆಗೆ ಜೋಡಣೆ. ಯಂತ್ರವನ್ನು ನಿಲ್ಲಿಸದೆಯೇ ಹಚ್ಚಬಹುದು, ತೆಗೆಯಬಹುದು. ಇಂಟೆಲ್ ಸಂಸ್ಥೆಯಲ್ಲಿ ಈ ಕಾರ್ಯದಲ್ಲಿ ಪ್ರಮುಖ ಪಾತ್ರ ವಹಿಸಿದವರು ಭಾರತ ಸಂಜಾತರಾದ ಅಜಯ್ ಭಟ್.

ಬೆರಳಿಗೆ ಕಾಣುವ ಅಕ್ಷರ

ಬಾಹ್ಯ ಸಾಧನಗಳ ಇತಿಹಾಸದಲ್ಲಿ ಮನಸ್ಸನ್ನು ಮುಟ್ಟುವ ಸಂಗತಿಯೊಂದಿದೆ. ಇಂದು ಎಲ್ಲರೂ ಬಳಸುವ ಕೆಲವು ಸಾಧನಗಳ ಮೂಲದಲ್ಲಿ ಕಣ್ಣಿಲ್ಲದವರ ಮೇಲಿನ ಅಂತಃಕರಣವಿದೆ. 1808ರ ವೇಳೆಗೆ ಇಟಲಿಯ ಪೆಲ್ಲೆಗ್ರಿನೊ ಟುರ್ರಿ ಎಂಬವನು ಬೆರಳಚ್ಚು ಯಂತ್ರದ ಒಂದು ಆದಿರೂಪವನ್ನು ನಿರ್ಮಿಸಿದುದು ಅಂಧಳಾದ ಗೆಳತಿಯೊಬ್ಬಳು ತಾನೇ ಪತ್ರ ಬರೆಯಲೆಂದು. ಅಮೆರಿಕದ ರೇ ಕರ್ಜ್‌ವೈಲ್ 1976ರಲ್ಲಿ ಪ್ರದರ್ಶಿಸಿದ ಓದುವ ಯಂತ್ರವು ಚಪ್ಪಟೆ ಸ್ಕ್ಯಾನರು, ಅಕ್ಷರ ಗುರುತಿಸುವ ತಂತ್ರಾಂಶ, ಮಾತನಾಡುವ ಸಾಧನ ಇವು ಮೂರನ್ನೂ ಒಂದೆಡೆ ಕೂಡಿಸಿತು. ಅಂಧರಿಗೆ ಮುದ್ರಿತ ಪುಸ್ತಕವನ್ನು ಓದಿ ಹೇಳುವುದೇ ಅದರ ಉದ್ದೇಶವಾಗಿತ್ತು.

ಕೀಲಿಮಣೆಯ 'ಎಫ್' ಮತ್ತು 'ಜೆ' ಗುಂಡಿಗಳ ಮೇಲೆ ಬೆರಳಾಡಿಸಿದರೆ ಒಂದೊಂದು ಚಿಕ್ಕ ಉಬ್ಬುಗೆರೆ ತಾಕುತ್ತದೆ. ನೋಡದೆಯೇ ಎರಡೂ ತೋರುಬೆರಳುಗಳು ತಮ್ಮ ಸ್ಥಾನವನ್ನು ಅರಿಯುವುದಕ್ಕಾಗಿ ಅವು ಇವೆ. ಧ್ವನ್ಯನುಸಾರಿ ಕನ್ನಡ ವಿನ್ಯಾಸದಲ್ಲಿ ಒತ್ತಕ್ಷರವನ್ನು ಮಾಡುವ ಗುಂಡಿಯೂ ಆ 'ಎಫ್' ಗುಂಡಿಯೇ ಆಗಿರುವುದು ಒಂದು ಸುಯೋಗ. ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್.ವಿ.ಡಿ.ಎ. ಎಂಬ ತಂತ್ರಾಂಶವನ್ನು ಆಸ್ಟ್ರೇಲಿಯದ ಮೈಕೆಲ್ ಕರನ್, ಸ್ವತಃ ಅಂಧರು, 2006ರಲ್ಲಿ ಆರಂಭಿಸಿದರು. ಅದು ಉಚಿತ, ಕನ್ನಡವನ್ನೂ ಓದುತ್ತದೆ. ಬ್ರೈಲ್ ಪಟ್ಟಿಕೆಯೆಂಬ ಇನ್ನೊಂದು ಸಾಧನದಲ್ಲಿ ಸಣ್ಣ ಮೊಳೆಗಳು ವಿದ್ಯುತ್ತಿನಿಂದ ಮೇಲೆದ್ದು ಕೆಳಗಿಳಿದು ಬ್ರೈಲ್ ಚುಕ್ಕೆಗಳನ್ನು ರೂಪಿಸುತ್ತವೆ. ಓದುಗನು ಸಾಲನ್ನು ಬೆರಳಿನಿಂದ ಓದಿ ಮುಗಿಸಿದೊಡನೆ ಮುಂದಿನ ಸಾಲು ಅಲ್ಲಿಯೇ ಮೂಡುತ್ತದೆ. ಕಿವಿಯಿಂದ ಕೇಳುವವನಿಗೆ ಪದದ ಕಾಗುಣಿತ ತಿಳಿಯದು; ಬೆರಳಿನಿಂದ ಓದುವವನಿಗೆ ಅಲ್ಪಪ್ರಾಣ ಮಹಾಪ್ರಾಣಗಳೆಲ್ಲ ಸ್ಪಷ್ಟ. ಈ ಪಟ್ಟಿಕೆ ದುಬಾರಿಯಾದುದು. ಒಂದು ಕುಟುಂಬಕ್ಕೆ ನಿಲುಕದು. ಒಂದು ಸಂಸ್ಥೆಗೆ ಅಸಾಧ್ಯವಲ್ಲ.

ದಾಸೋಹದ ಪೂರ್ಣತೆ

ಅಕ್ಕಿಯನ್ನು ಕೊಟ್ಟವರಿಂದಲೇ ದಾಸೋಹ ನಡೆಯುವುದಿಲ್ಲ. ಸೌದೆ ತಂದವರು, ನೀರು ಹೊತ್ತವರು, ಎಲೆ ಹಚ್ಚಿದವರು, ಎಂಜಲೆಲೆ ತೆಗೆದವರು ಎಲ್ಲರ ಕಾಯಕ ಕೂಡಿದಾಗಲೇ ಪಂಕ್ತಿ ಪೂರ್ಣವಾಗುತ್ತದೆ. ವಿದ್ಯಾದಾಸೋಹಕ್ಕೂ ಇದೇ ನ್ಯಾಯ. ಗಣಕಯಂತ್ರಗಳ ಪೆಟ್ಟಿಗೆಯು ಅಕ್ಕಿಯಿದ್ದಂತೆ. ವಿದ್ಯುತ್ತು ಹೋದಾಗ ಹತ್ತು ಹದಿನೈದು ನಿಮಿಷ ಆಧಾರ ಕೊಡುವ ಯು.ಪಿ.ಎಸ್. ಇಲ್ಲದಿದ್ದರೆ ಮಗುವು ಒಂದು ಗಂಟೆ ಕುಳಿತು ಬರೆದ ಪ್ರಬಂಧವು ಕ್ಷಣದಲ್ಲಿ ಅಳಿಯುತ್ತದೆ. ಏಕೆಂದರೆ ಯಂತ್ರದ ತಾತ್ಕಾಲಿಕ ನೆನಪು ವಿದ್ಯುತ್ತಿರುವವರೆಗೆ ಮಾತ್ರ. ಆ ಯು.ಪಿ.ಎಸ್.ನ ಬ್ಯಾಟರಿಯನ್ನು ಕೆಲವು ವರ್ಷಗಳಿಗೊಮ್ಮೆ ಬದಲಾಯಿಸಬೇಕು. ಗುಂಡಿ ಕಿತ್ತ ಕೀಲಿಮಣೆಯಿಂದ ಕಲಿಯುವ ಮಗು ಆ ಅಕ್ಷರವನ್ನು ತಪ್ಪಿಸಿ ಬರೆಯುವುದನ್ನು ಅಭ್ಯಾಸ ಮಾಡಿಕೊಳ್ಳುತ್ತದೆ. ಹೊಸ ಕೀಲಿಮಣೆಯ ಬೆಲೆ ಪೆಟ್ಟಿಗೆಯ ಬೆಲೆಯ ಮುಂದೆ ಅತ್ಯಲ್ಪ. ಆದರೆ ಉದ್ಘಾಟನೆಯಾದ ಮೂರನೆಯ ವರ್ಷದಲ್ಲಿ ಅದನ್ನು ಕೊಡುವವರು ಯಾರು?

ಆದುದರಿಂದ ದಾನಿಗಳು ಯಂತ್ರಕ್ಕೆಂದು ತೆಗೆದಿಟ್ಟ ಹಣದಲ್ಲಿ ಒಂದು ಭಾಗವನ್ನು ಬಾಹ್ಯ ಸಾಧನಗಳಿಗೂ ಅವುಗಳ ವಾರ್ಷಿಕ ಪೋಷಣೆಗೂ ಮೀಸಲಿಟ್ಟರೆ ಆ ದಾನವು ಬಹುಕಾಲ ಫಲ ಕೊಡುತ್ತದೆ. ಅಧ್ಯಾಪಕರು ಕನ್ನಡದ ಕೀಲಿಮಣೆಯನ್ನು ತಾವು ಮೊದಲು ಕಲಿತು ಮಕ್ಕಳಿಗೆ ಕಲಿಸಬೇಕು. ವಾರಕ್ಕೆ ಎರಡು ಗಂಟೆಗಳ ಅಭ್ಯಾಸವಿದ್ದರೆ ಒಂದು ವರ್ಷದಲ್ಲಿ ಮಗುವಿನ ಬೆರಳಿಗೆ ಅದು ಕೂಡಿಬರುತ್ತದೆ. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳ ಮನೆಗಳಲ್ಲಿರುವ ಓಲೆಕಟ್ಟುಗಳನ್ನೂ ಹಳೆಯ ಪುಸ್ತಕಗಳನ್ನೂ ಗುರುತಿಸಿ ಅವುಗಳ ಚಿತ್ರ ತೆಗೆಯಲು ನೆರವಾಗಬಹುದು. ಇವು ಮೂವರೂ ಮಾಡಬಹುದಾದ, ಅವರವರ ಶಕ್ತಿಗೆ ನಿಲುಕುವ ಕಾಯಕಗಳು.

ಶರಣರು ಜ್ಞಾನವನ್ನು ಪಂಡಿತರ ಭಾಷೆಯಿಂದ ಬಿಡಿಸಿ ಜನರಾಡುವ ಕನ್ನಡಕ್ಕೆ ತಂದರು. ಹನ್ನೆರಡನೆಯ ಶತಮಾನದಲ್ಲಿ ಅವರ ಕೈಯಲ್ಲಿದ್ದುದು ಓಲೆ ಮತ್ತು ಕಂಠ. ಇಂದಿನ ಮಗುವಿನ ಕೈಯಲ್ಲಿರುವುದು ಕೀಲಿಮಣೆ ಮತ್ತು ಪರದೆ. ಸಾಧನವು ಬದಲಾಗಿದೆ, ಅದರ ಮೂಲಕ ಹರಿಯಬೇಕಾದ ನುಡಿ ಅದೇ ಆಗಿರಲಿ ಎಂಬುದೇ ಕನ್ನಡವನ್ನು ಪ್ರೀತಿಸುವ ಎಲ್ಲರ ಹಾರೈಕೆ.